ಹೊಳೆಯ ಹೆಸರಿಗೆ ಬರೆದ ಕಳ್ಳತನಗಳು

ನಮ್ಮ ತಾಂಡವಪುರದ ಮೇಲಿನ ಬೀದಿಯ ಹುಡುಗಿಯೊಬ್ಬಳು ಪೊಲೀಸ್ ಕಾನ್‌ಸ್ಟೇಬಲ್ ಆಗಿ ಆಯ್ಕೆಯಾದಳು. ಹೋದ ತಿಂಗಳು ಪೇಡಾ ಡಬ್ಬಿ ಹಿಡಿದುಕೊಂಡು ಮನೆಗೆ ಬಂದವಳು, "ಅಂಕಲ್, ಅಷ್ಟು ವರ್ಷ ಸರ್ವೀಸ್ ಮಾಡಿದ್ದೀರ, ನಂಗೂ ಏನಾದ್ರೂ ಹೇಳ್ಕೊಡಿ" ಎಂದಳು. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಅವ್ರೇನ್ ಹೇಳ್ಕೊಟ್ಟಾರು, ಬಾಯ್ ಬಿಟ್ರೆ ಬಯ್ಯೋದೊಂದೇ ಬರೋದು" ಎಂದಳು. ಅದು ಸುಳ್ಳಲ್ಲ. ನಾನು ಒಂದು ಪೇಡಾ ಬಾಯಿಗೆ ಹಾಕಿಕೊಂಡು, "ಹೇಳಾಕೆ ಬರಲ್ಲ ಕಣವ್ವ, ಬರ್ದು ಕೊಡ್ತೀನಿ" ಎಂದೆ. ಹಾಗೆ ಬರೆದದ್ದು ಇದು. ಇದನ್ನು ಓದಿ ಅವಳು ಕೆಲಸಕ್ಕೆ ಹೋಗುವುದನ್ನೇ ಬಿಟ್ಟರೆ ಅವರಪ್ಪ ನನ್ನ ಜಗಲಿಯ ಮುಂದೆ ಬಂದು ನಿಲ್ಲುತ್ತಾನೆ, ಅದೂ ನನಗೆ ಗೊತ್ತು.

ಯಾವ ವರ್ಷ ತೋಳಿನ ಮೇಲೆ ಎಷ್ಟು ಪಟ್ಟಿ ಬಂತು ಎಂದೆಲ್ಲ ಬರೆಯುವುದಿಲ್ಲ. ಮಳೆಗಾಲದಲ್ಲಿ ನೆಗಡಿ ಬರುವ ಹಾಗೆ ಅದು ಎಲ್ಲರಿಗೂ ಬರುತ್ತದೆ. ತಿ. ನರಸೀಪುರದ ಕಡೆ ಕೆಲವು ವರ್ಷ, ನಂಜನಗೂಡಿನ ಕಡೆ ಬಹಳ ವರ್ಷ ದುಡಿದೆ. ಯಾವ ಠಾಣೆ, ಯಾವ ಸಾಹೇಬರು ಎಂದು ಹೆಸರು ಹಾಕುವುದಿಲ್ಲ. ಹಾಳು ಮಾಡಿದ್ದು ನನ್ನ ಕೈ, ಅದರ ವಿಷಯ ಹೇಳಿದರೆ ಸಾಕು.

ನಾನು ಸ್ಟೇಷನ್ ರೈಟರ್ ಆಗಿದ್ದೆ. ಅಂದರೆ ಠಾಣೆಗೆ ಬಂದವರ ಅಳಲು ಕೇಳಿ ಅದನ್ನು ಸರ್ಕಾರಿ ಭಾಷೆಯಲ್ಲಿ ಬರೆಯುವವನು. ನನ್ನ ಲಾಠಿ ಬೀರುವಿನ ಹಿಂದೆ ನಿಂತು ಗೆದ್ದಲು ಹಿಡಿಯಿತು, ಒಬ್ಬ ಕಳ್ಳನನ್ನೂ ಓಡಿಸಿಕೊಂಡು ಹೋಗಿ ಹಿಡಿದವನಲ್ಲ ನಾನು. ಆದರೆ ನಾನು ಬರೆದರೆ ಕಳ್ಳತನ, ಬರೆಯದಿದ್ದರೆ ಇಲ್ಲ. ಈ ಅಧಿಕಾರ ಇನ್‌ಸ್ಪೆಕ್ಟರಿಗೂ ಇರಲಿಲ್ಲ, ಏಕೆಂದರೆ ಅವರು ವರ್ಷಕ್ಕೊಮ್ಮೆ ವರ್ಗವಾಗುತ್ತಿದ್ದರು, ನಾನು ಹುಣಸೆಮರದ ಹಾಗೆ ಅಲ್ಲೇ ಇರುತ್ತಿದ್ದೆ.

ಈ ವಿದ್ಯೆಯನ್ನು ನನಗೆ ಕಲಿಸಿದವರು ಜವರಯ್ಯ ಎಂಬ ಹಳೆಯ ರೈಟರ್. ನರಸೀಪುರದಲ್ಲಿ ನಾನು ಹೊಸಬನಾಗಿದ್ದಾಗ ಅವರ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಅದು ಕಾವೇರಿ, ಕಪಿಲೆ ಸೇರುವ ಊರು. ಅಮಾವಾಸ್ಯೆ, ಹುಣ್ಣಿಮೆಗೆ ಮುಳುಗು ಹಾಕಲು ಜನ ಬರುತ್ತಾರೆ, ಜನ ಬಂದ ಕಡೆಗೆ ಕಳ್ಳರೂ ಬರುತ್ತಾರೆ. ಒಂದು ದಿನ ತಲಕಾಡಿನ ಕಡೆಯ ಒಬ್ಬ ಯಜಮಾನರು ಒದ್ದೆ ಪಂಚೆಯಲ್ಲೇ ಬಂದು, ಮೆಟ್ಟಿಲ ಮೇಲೆ ಬಿಚ್ಚಿಟ್ಟ ಅಂಗಿಯ ಜೇಬಿನಲ್ಲಿದ್ದ ಉಂಗುರ ಹೋಯಿತು ಎಂದರು. ಜವರಯ್ಯ ಅವರನ್ನು ಕೂರಿಸಿ, ಟೀ ತರಿಸಿಕೊಟ್ಟು, "ಯಜಮಾನ್ರೇ, ಬೆರಳಲ್ಲೇ ಇತ್ತೇನೋ ನೋಡಿ ಗ್ಯಪ್ತಿ ಮಾಡ್ಕಳಿ. ಸೋಪು ಹಚ್ಚೋವಾಗ ಜಾರಿ ಒಳೆಗೆ ಬಿದ್ದಿರ್ಬೋದಲ್ವಾ?" ಎಂದರು. ಯಜಮಾನರು ಇಲ್ಲ ಎಂದರು. "ಕಳ್ತನ ಅಂದ್ರೆ ಕೋರ್ಟು, ಕಚೇರಿ, ಸಾಕ್ಷಿ. ತಲಕಾಡಿಂದ ಎಷ್ಟು ಸಲ ಬಸ್ ಅತ್ತೀರಿ?" ಎಂದರು ಜವರಯ್ಯ. ಟೀ ಮುಗಿಯುವ ಹೊತ್ತಿಗೆ ಉಂಗುರ ಹೊಳೆಗೆ ಬಿದ್ದಿತ್ತು. ಕಳೆದುಹೋದ ವಸ್ತು ಎಂದು ಒಂದು ಅರ್ಜಿ, ಒಂದು ಸಹಿ, ಒಂದು ಸೀಲು, ಅಷ್ಟೇ.

ಆ ಯಜಮಾನರು ಹೋದ ಮೇಲೆ ಜವರಯ್ಯ ನನ್ನ ಕಡೆ ತಿರುಗಿ, "ನೋಡ್ಲಾ, ಕಳ್ಳ ಅಂತ ಬರದ್ರೆ ಉಡುಕ್ಬೇಕು. ಒಳೆ ಅಂತ ಬರದ್ರೆ ಉಡುಕೋದೇ ಬ್ಯಾಡ, ಅಲ್ಲೇ ಅರೀತಾ ಅದೆ" ಎಂದರು. ನಾನು ನಕ್ಕೆ. ಎಂಥ ಬುದ್ಧಿವಂತ ಎಂದು ಅವರ ಮೇಲೆ ಭಕ್ತಿ ಹುಟ್ಟಿತು. ಅವತ್ತು ಯಾಕೆ ನಕ್ಕೆ ಎಂದು ಈಗ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಹೀಗೇಕೆ ಮಾಡುತ್ತಿದ್ದೆವು ಎಂದು ಹೊಸಬರು ಕೇಳಬೇಕು. ತಿಂಗಳಿಗೊಮ್ಮೆ ಮೈಸೂರಿನಲ್ಲಿ ಕ್ರೈಂ ಮೀಟಿಂಗ್. ಪತ್ತೆಯಾಗದ ಕಳವಿನ ಕೇಸು ಹೆಚ್ಚಿದ್ದರೆ ಇನ್‌ಸ್ಪೆಕ್ಟರನ್ನು ಎಲ್ಲರೆದುರು ನಿಲ್ಲಿಸಿ ಉಗಿಯುತ್ತಾರೆ. ಅವರು ವಾಪಸ್ ಬಂದು ನಮ್ಮನ್ನು ಉಗಿಯುತ್ತಾರೆ. ಕೇಸೇ ಇಲ್ಲದಿದ್ದರೆ ಪತ್ತೆಯಾಗದ ಕೇಸೂ ಇಲ್ಲ. ನಂಜನಗೂಡಿಗೆ ಬಂದ ಮೇಲೆ ನಾನೇ ರೈಟರ್ ಆದೆ. ಅಲ್ಲೂ ಹೊಳೆ ಇತ್ತು, ಸ್ನಾನಘಟ್ಟ ಇತ್ತು, ವಿದ್ಯೆ ಕೈಯಲ್ಲಿತ್ತು. ಸರ, ಓಲೆ, ಮೊಬೈಲು, ವಾಚು, ಏನು ಹೋದರೂ ಹೊಳೆಗೆ ಹಾಕಿದೆ. ಒಮ್ಮೆ ಮೈಮೇಲೆ ಎಚ್ಚರವಿಲ್ಲದೆ, ಘಟ್ಟದ ಪಕ್ಕ ನಿಲ್ಲಿಸಿದ್ದ ಮೊಪೆಡ್ ಹೋಯಿತು ಎಂದು ಬಂದವನಿಗೂ "ಹೊಳೆ ಕಡೆಗೆ ಇಳಿಜಾರು ಅಲ್ವಾ" ಎಂದು ಶುರು ಮಾಡಿದ್ದೆ. ಇನ್‌ಸ್ಪೆಕ್ಟರ್ ಒಳಗಿಂದ ಬಂದು, "ರೀ, ಮೊಪೆಡ್ಡನ್ನೂ ತೇಲಿಸ್ತೀರೇನ್ರೀ? ನಂಬರ್ ಪ್ಲೇಟ್ ಇರುತ್ತೆ, ಕೇಸ್ ಹಾಕ್ರಿ" ಎಂದರು. ಠಾಣೆಯಲ್ಲಿ ಆ ಮಾತು ಹೇಳಿಕೊಂಡು ಆರು ತಿಂಗಳು ನಕ್ಕರು. ತಪ್ಪು ಮಾಡಿದ್ದಕ್ಕೆ ಬೈದರು ಅಂದುಕೊಳ್ಳಬೇಡಿ, ಸಿಕ್ಕಿಬೀಳುವ ಹಾಗೆ ಮಾಡಿದ್ದಕ್ಕೆ ಬೈದರು.

ಚಿಕ್ಕತಾಯಮ್ಮ ಬಂದದ್ದು ಅಂಥದ್ದೇ ಒಂದು ಅಮಾವಾಸ್ಯೆಯ ಬೆಳಿಗ್ಗೆ. ಹೆಡತಲೆ ಎಂಬ ಹಳ್ಳಿಯ ಹೆಂಗಸು, ಮೂವತ್ತರ ಆಸುಪಾಸು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಸೀರೆಯ ಮೇಲೆ ಗಂಡನ ಟವೆಲು ಹೊದ್ದಿದ್ದಳು. ಗಂಡ ಸಿದ್ದರಾಜು ಪಕ್ಕದಲ್ಲಿದ್ದ. ಊರಿನ ಹಾಲಿನ ಡೇರಿಯಲ್ಲಿ ಹಾಲು ಅಳೆಯುವ ಕೆಲಸ ಅವನದು, ಮಾತು ಕಡಿಮೆ. ಮಾತೆಲ್ಲ ಅವಳದೇ.

"ಕಳ್ತನ ಆಯ್ತು ಸಾ. ಮುಳುಗಿ ಏಳೋವಷ್ಟ್ರಲ್ಲಿ ತಾಳಿ ಕೊಳ್ಳಲ್ಲಿರ್ನಿಲ್ಲ. ಇಂದ್ಗಡೆ ಇಬ್ರು ಎಂಗಸ್ರು ಮೈಗೆ ಒತ್ಕೊಂಡು ನಿಂತಿದ್ರು. ತಿರುಗಿ ನೋಡೋವಾಗ ಇಬ್ರೂ ಇಲ್ಲ" ಎಂದಳು.

ಅಂಗೈ ಬಿಚ್ಚಿ ಉಳಿದ ಅರಿಶಿನದ ದಾರ ತೋರಿಸಿದಳು. ಅದರ ತುದಿ ಇವತ್ತಿಗೂ ನನ್ನ ಕಣ್ಣ ಮುಂದಿದೆ. ನೆಂದು ಕಿತ್ತುಹೋದ ದಾರ ಎಳೆ ಎಳೆಯಾಗಿರುತ್ತದೆ. ಇದು ಬ್ಲೇಡು ಆಡಿಸಿದ ಹಾಗೆ ನೆಟ್ಟಗೆ ತುಂಡಾಗಿತ್ತು. ನೋಡಿದೆ, ಗೊತ್ತಾಯಿತು. ಗೊತ್ತಾದ ಮೇಲೂ ಟೀ ತರಿಸಿದೆ.

"ದಾರ ಹಳೇದಾಗಿತ್ತೇನಮ್ಮ?"

"ಯುಗಾದೀಲಿ ಬದ್ಲಾಯ್ಸಿದ್ದು ಸಾ."

"ಆಗ್ಲೇ ಎಷ್ಟೋ ತಿಂಗಳಾಯ್ತಲ್ಲ. ನೀರಲ್ಲಿ ನೆಂದು ಕಿತ್ತು ಬಿದ್ದಿರುತ್ತೆ. ಕಳ್ತನ ಅಂತ ಬರೆದ್ರೆ ಆ ಇಬ್ರು ಹೆಂಗಸ್ರನ್ನ ನೀನು ಗುರುತು ಹಿಡೀಬೇಕು. ಹಿಡೀತೀಯಾ?"

ಅವಳು ಗಂಡನ ಮುಖ ನೋಡಿದಳು. ಸಿದ್ದರಾಜು, "ಸಾ, ಅವ್ಳು ಸುಳ್ಳೇಳಲ್ಲ" ಎಂದ, ಅಷ್ಟೇ. ಸುಳ್ಳು ಅಂತ ಯಾರಪ್ಪ ಹೇಳಿದರು ಎಂದು ನಾನು ದಬಾಯಿಸಿದೆ. ಕೊನೆಗೆ ನಾನೇ ಬರೆದೆ, "ಸ್ನಾನ ಮಾಡುವಾಗ ತಾಳಿಯು ಅಕಸ್ಮಾತ್ ಜಾರಿ ಹೊಳೆಗೆ ಬಿದ್ದು ಕಳೆದುಹೋಗಿರುತ್ತದೆ, ಯಾರ ಮೇಲೂ ಅನುಮಾನವಿರುವುದಿಲ್ಲ" ಎಂದು. ಅವಳು ಕೂಡಿಸಿ ಕೂಡಿಸಿ ಓದಿ, "ಬಿದ್ದೋಯ್ತು ಅಂತ ಬರ್ದಿದ್ದೀರಲ್ಲ ಸಾ" ಎಂದಳು. "ಕಾಗದಕ್ಕೆ ಹಾಗೇ ಬರೆಯೋದಮ್ಮ, ಸಹಿ ಹಾಕು" ಎಂದೆ. ಹಾಕಿದಳು. ಸೀಲು ಒತ್ತಿ ಒಂದು ಪ್ರತಿ ಅವಳ ಕೈಗೆ ಕೊಟ್ಟೆ.

ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಮುಂದೆ ನಡೆದದ್ದು ನನಗೆ ತಿಳಿದದ್ದು ವರ್ಷಗಳ ಮೇಲೆ. ಅವಳ ಅತ್ತೆ ಆ ಕಾಗದವನ್ನು ಊರಿನ ಮೇಷ್ಟರ ಹತ್ತಿರ ಓದಿಸಿದಳಂತೆ. ಕಳ್ಳ ಕಿತ್ತುಕೊಂಡರೆ ಅದು ಕಳ್ಳನ ಪಾಪ. ಹೊಳೆ ತೆಗೆದುಕೊಂಡರೆ ಬೇರೆ ಲೆಕ್ಕ. "ತಾಳೀನೇ ಗಂಗವ್ವಂಗೆ ಕೊಟ್ ಬಂದವ್ಳೆ, ಇನ್ ನನ್ ಮಗನ್ನ ಕೇಳ್ದೆ ಬುಟ್ಟಾಳಾ ಅವ್ಳು?" ಎಂದು ಮುದುಕಿ ಕೂಗಾಡಿದಳಂತೆ. ಚಿಕ್ಕತಾಯಮ್ಮ ಕಳ್ಳತನ ಎಂದು ಎಷ್ಟು ಹೇಳಿದರೂ ಸೀಲು ಬಿದ್ದ ಕಾಗದ ಬೇರೆ ಹೇಳುತ್ತಿತ್ತಲ್ಲ. ಗೌರ್ಮೆಂಟ್ನೋರು ಸುಳ್ಳು ಬರೀತಾರಾ ಎಂದರಂತೆ ನೆಂಟರು. ಊರಿನ ಹಿರಿಯರು ಒಂದು ದಾರಿ ಹೇಳಿದರು. ವರ್ಷಕ್ಕೊಂದು ಸಲ, ಅದೇ ಅಮಾವಾಸ್ಯೆಗೆ, ಗಂಡನೊಬ್ಬನೇ ಹೋಗಿ ಅದೇ ಮೆಟ್ಟಿಲಲ್ಲಿ ಗಂಗೆಪೂಜೆ ಮಾಡಿ ತಪ್ಪೊಪ್ಪಿಕೊಂಡು ಮುಳುಗಿ ಬರಬೇಕು. ಸಿದ್ದರಾಜುಗೆ ಇಷ್ಟವಿರಲಿಲ್ಲ. ಅಮ್ಮನ ಬಾಯಿ ಮುಚ್ಚಿಸಲು ಒಪ್ಪಿಕೊಂಡ.

ಇಷ್ಟರಲ್ಲಿ ಇಲಾಖೆಯಲ್ಲಿ ಬರೆಯುವ ರೀತಿಯೇ ಬದಲಾಯಿತು. ದಪ್ಪ ರಿಜಿಸ್ಟರುಗಳು ಹೋಗಿ ಕಂಪ್ಯೂಟರ್ ಬಂತು. ಐವತ್ತು ದಾಟಿದ ಮೇಲೆ ಒಂದೇ ಬೆರಳಿನಲ್ಲಿ ಟೈಪ್ ಮಾಡುವುದನ್ನು ಕಲಿತೆ. ಕಂಪ್ಯೂಟರ್ ಬಂದ ಮೇಲೆ ಸುಳ್ಳು ನಿಲ್ಲುತ್ತದೆ ಎಂದು ಟ್ರೈನಿಂಗ್ ಕೊಟ್ಟ ಮೇಡಂ ಹೇಳಿದ್ದರು. ಸುಳ್ಳಿನ ಅಕ್ಷರ ದುಂಡಗಾಯಿತು, ಅಷ್ಟೇ. ಈಗ ಕಳೆದ ವಸ್ತುವಿನ ಅರ್ಜಿಯನ್ನು ಜನ ತಮ್ಮ ಮೊಬೈಲಿನಲ್ಲೇ ಹಾಕಬಹುದು, ರೈಟರ್ ಟೀ ತರಿಸುವ ಕೆಲಸವೂ ತಪ್ಪಿತು.

ಆಮೇಲೆ ಬಂತು ಕ್ಯಾಮೆರಾ. ಸಣ್ಣ ಊರುಗಳಲ್ಲಿ ಅಪರಾಧ ತಡೆಯಲು ಸರ್ಕಾರ ಅನುದಾನ ಕೊಡುತ್ತದೆ, ಎಲ್ಲೆಲ್ಲಿ ಕ್ಯಾಮೆರಾ ಬೇಕು ಎಂದು ಪಟ್ಟಿ ಕಳುಹಿಸಿ ಎಂದು ಸುತ್ತೋಲೆ ಬಂತು. ಅದರ ಕೆಳಗೆ ಒಂದು ಷರತ್ತು. ಹಿಂದಿನ ಐದು ವರ್ಷದಲ್ಲಿ ಯಾವ ಜಾಗದಲ್ಲಿ ಎಷ್ಟು ಪ್ರಕರಣ ದಾಖಲಾಗಿದೆ ಎಂಬುದನ್ನು ಜೊತೆಗೆ ತೋರಿಸಬೇಕು, ಹೆಚ್ಚು ಪ್ರಕರಣ ಇರುವ ಜಾಗಕ್ಕೆ ಮೊದಲ ಆದ್ಯತೆ. ನ್ಯಾಯವಾದ ಷರತ್ತೇ. ವಿಧಾನಸೌಧದಲ್ಲಿ ಕೂತು ಅದನ್ನು ಬರೆದ ಪುಣ್ಯಾತ್ಮನಿಗೆ ನಮ್ಮ ಹೊಳೆಯ ಸಮಾಚಾರ ಗೊತ್ತಿರಲಿಲ್ಲ.

ಪಟ್ಟಿ ಮಾಡಲು ಕೂತವನು ನಾನೇ. ಬಸ್‌ಸ್ಟ್ಯಾಂಡು ಇಷ್ಟು, ಸರ್ಕಲ್ಲು ಇಷ್ಟು, ತರಕಾರಿ ಮಾರ್ಕೆಟ್ಟು ಇಷ್ಟು. ಸ್ನಾನಘಟ್ಟ ಎಂದು ಬರೆದು ಪಕ್ಕದ ಕಾಲಮ್ಮಿಗೆ ಬಂದಾಗ ಬೆರಳು ನಿಂತಿತು. ಊರಲ್ಲೆಲ್ಲ ಹೆಚ್ಚು ಕಳವು ಆಗುವ ಜಾಗ ಅದು, ದಾಖಲೆಯಲ್ಲಿ ಸೊನ್ನೆ. ಎದ್ದು ಇನ್‌ಸ್ಪೆಕ್ಟರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ, ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ಎಲ್ಲರನ್ನೂ ಕರೆದು ಹಂಚುವವರು.

"ಸರ್, ಘಟ್ಟಕ್ಕೆ ಎರಡು ಕ್ಯಾಮೆರಾ ಬೇಕೇಬೇಕು" ಎಂದೆ.

"ಎಷ್ಟು ಕೇಸಿದೆ?"

"ಕೇಸಿಲ್ಲ ಸರ್. ಕಳೆದ ವಸ್ತು ಅಂತ ಅರ್ಜಿಗಳಿವೆ, ಬೇಕಾದಷ್ಟು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಏನ್ರೀ ನೀವು. ಸೊನ್ನೆ ಇರೋ ಕಡೆ ಕ್ಯಾಮೆರಾ ಕೇಳಿದ್ರೆ ಯಾಕೆ ಅಂತ ಕೇಳ್ತಾರೆ. ಅರ್ಜಿ ತೋರಿಸಿದ್ರೆ ಇದ್ಯಾಕ್ರೀ ಕೇಸ್ ಹಾಕಿಲ್ಲ ಅಂತಾರೆ. ಯಾರ ಅಕ್ಷರ ಇದು ಅಂತಾರೆ. ಹೇಳಿ, ಯಾರ ಅಕ್ಷರ?"

ವಾಪಸ್ ಬಂದು ಸೊನ್ನೆ ಒತ್ತಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ನಮ್ಮಲ್ಲಿ ಉಲ್ಟಾ, ವರ್ಷವೆಲ್ಲ ಒಡೆದದ್ದು ನಾನೇ, ಕಟ್ಟುವ ನಿಮಿಷದಲ್ಲಿ ಕೈ ಎತ್ತಿದೆ.

ಕ್ಯಾಮೆರಾಗಳು ಬಂದವು. ಉದ್ಘಾಟನೆಗೆ ಶಾಮಿಯಾನ, ಹಾರ, ಭಾಷಣ. "ಇನ್ನು ಈ ಊರಿನಲ್ಲಿ ಒಂದು ಸೂಜಿ ಕಳೆದರೂ ಸಿಗುತ್ತದೆ" ಎಂದರು ಒಬ್ಬ ಮುಖಂಡರು. ಜನ ಚಪ್ಪಾಳೆ ತಟ್ಟಿದರು. ಠಾಣೆಯ ಹಿಂದಿನ ಸಾಮಾನು ಕೋಣೆಯನ್ನು ತೊಳೆದು ದೊಡ್ಡ ಟಿ.ವಿ. ಹಾಕಿ ಕಂಟ್ರೋಲ್ ರೂಮ್ ಎಂದು ಬೋರ್ಡು ಬರೆಸಿದರು. ವಯಸ್ಸಾಯಿತು, ಕೂತು ಮಾಡುವ ಕೆಲಸ ಎಂದು ಅದರ ಉಸ್ತುವಾರಿಯನ್ನೂ ನನ್ನ ತಲೆಗೇ ಕಟ್ಟಿದರು.

ಮೊದಲ ವರ್ಷ ಚೆನ್ನಾಗಿಯೇ ಇತ್ತು. ಆಟೋದಲ್ಲಿ ಮದುವೆ ಸೀರೆಗಳ ಚೀಲ ಬಿಟ್ಟು ಬಂದ ಒಬ್ಬ ತಾಯಿಗೆ ಸಂಜೆಯೊಳಗೆ ಚೀಲ ಕೊಡಿಸಿದೆವು. ಇನ್‌ಸ್ಪೆಕ್ಟರು ಸೀರೆ ಹಿಡಿದು ನಿಂತ ಫೋಟೋ ಪೇಪರಿನಲ್ಲಿ ಬಂತು. ಆಮೇಲೆ ಜನ ಏನೇನೋ ಕೇಳಿಕೊಂಡು ಬರತೊಡಗಿದರು. ಮಗ ಕಾಲೇಜಿಗೆ ಹೋದನೋ ಪಾನಿಪೂರಿ ಗಾಡಿಗೆ ಹೋದನೋ ನೋಡಿ ಹೇಳಿ ಎಂದು ಒಬ್ಬ. ಮೇಕೆ ಯಾವ ಕಡೆ ಹೋಯಿತು ಎಂದು ಇನ್ನೊಬ್ಬ. ನಗುತ್ತಲೇ ನೋಡಿ ಹೇಳುತ್ತಿದ್ದೆ. ಆ ಒಂದು ವರ್ಷ ನನಗೂ ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅನಿಸಿತ್ತು.

ಎರಡನೆಯ ವರ್ಷದಿಂದ ಶುರುವಾಯಿತು. ಅನುದಾನ ಇದ್ದದ್ದು ಹಾಕುವುದಕ್ಕೆ. ಹಾಕಿದ್ದನ್ನು ನೋಡಿಕೊಳ್ಳುವುದಕ್ಕೆ ಯಾರೂ ಏನೂ ಬರೆದಿರಲಿಲ್ಲ. ವೈರು ಕಿತ್ತರೆ ಪುರಸಭೆಯವರು ಪೊಲೀಸರ ಕಡೆ ಕೈ ತೋರಿಸಿದರು, ನಾವು ಕಂಪನಿಯ ಕಡೆ ತೋರಿಸಿದೆವು, ಕಂಪನಿಯವನ ಫೋನು ಸ್ವಿಚ್ ಆಫ್. ಒಂದು ಕ್ಯಾಮೆರಾದ ಗಾಜಿನ ಒಳಗೆ ಜೇಡ ಮನೆ ಮಾಡಿತ್ತು, ಟಿ.ವಿ.ಯಲ್ಲಿ ಅದರ ಕಾಲು ಲೈಟು ಕಂಬದಷ್ಟು ದಪ್ಪ ಕಾಣುತ್ತಿತ್ತು. ಮಾರ್ಕೆಟ್ಟಿನ ಕ್ಯಾಮೆರಾ ತಲೆ ಬಗ್ಗಿಸಿಕೊಂಡು ಹಗಲೆಲ್ಲ ಒಂದು ಚರಂಡಿಯನ್ನೇ ನೋಡುತ್ತಿತ್ತು. ನಾನು ಪತ್ರ ಬರೆದೆ, ಮತ್ತೆ ಬರೆದೆ. ಉತ್ತರಕ್ಕೆ ಬದಲು, ಎಲ್ಲ ಕ್ಯಾಮೆರಾಗಳೂ ಸುಸ್ಥಿತಿಯಲ್ಲಿವೆ ಎಂದು ಪ್ರಮಾಣಪತ್ರ ಕಳುಹಿಸಿ ಎಂದು ಬಂತು. ಕಳುಹಿಸಿದೆ. ಬರೆಯುವುದಕ್ಕೆ ಏನು, ಅಭ್ಯಾಸವಾದ ಕೈ.

ಸಿದ್ದರಾಜು ಕಾಣೆಯಾದದ್ದು ಆ ಸಮಯದಲ್ಲಿ. ಪೂಜೆಗೆಂದು ಬೆಳಿಗ್ಗೆ ಹೆಡತಲೆಯಿಂದ ಹೊರಟವನು ಮಧ್ಯಾಹ್ನವಾದರೂ ವಾಪಸ್ ಹೋಗಲಿಲ್ಲ. ಘಟ್ಟದ ಮೆಟ್ಟಿಲ ಮೇಲೆ ಅವನ ಅಂಗಿ, ಚಪ್ಪಲಿ, ಅರಿಶಿನ ಕುಂಕುಮದ ತಟ್ಟೆ, ಒಡೆದ ತೆಂಗಿನಕಾಯಿಯ ಎರಡು ಹೋಳು ಇದ್ದವು. ಅವನು ತಂದಿದ್ದ ಚೀಲ, ಚೀಲದಲ್ಲಿದ್ದ ಫೋನು ಇರಲಿಲ್ಲ. ಫೈರ್ ಸರ್ವೀಸಿನವರು, ಹರಿಗೋಲಿನವರು ಮೂರು ದಿನ ಹುಡುಕಿದರು. ಹೆಣ ಸಿಗಲಿಲ್ಲ. ಅಲ್ಲಿ ಹೂ ಮಾರುವ ಮುದುಕಿಯೊಬ್ಬಳು, "ಒದ್ದೆ ಪಂಚೇಲಿ ಯಾರೋ ಒಬ್ಬ ಬಸ್‌ಸ್ಟ್ಯಾಂಡ್ ಕಡೀಕೆ ಓಡೋದ ಸಾ, ಇಡೀರಿ ಇಡೀರಿ ಅಂತಿದ್ದ. ಇವ್ನೇನಾ ಅಂತ ಮಕ ನೋಡ್ನಿಲ್ಲ" ಎಂದಳು. ಅಂದರೆ ಚೀಲ ಕದ್ದವನ ಹಿಂದೆ ಓಡಿರಬೇಕು. ಓಡಿ ಎಲ್ಲಿ ಹೋದ? ಅವನಿಗೆ ಏನು ಮಾಡಿದರು? ಅಥವಾ ಓಡಿದವನು ಬೇರೆ ಯಾರೋ, ಸಿದ್ದರಾಜು ನೀರಿನಲ್ಲೇ ಹೋದನೋ?

ಚಿಕ್ಕತಾಯಮ್ಮ ಠಾಣೆಗೆ ಬಂದಾಗ ನಾನು ಗುರುತು ಹಿಡಿಯಲಿಲ್ಲ. ಅವಳು ಹಿಡಿದಳು. ಅಳುತ್ತಿರಲಿಲ್ಲ. "ಸಾ, ಊರೆಲ್ಲ ಕ್ಯಾಮ್ರಾ ಆಕವ್ರೆ ಅಂದ್ರು. ಒಂದ್ ಸಲ ತೋರ್ಸಿ. ಓಡೋದೋರು ಅವ್ರೇನಾ ಅಂತ ನಾನ್ ನೋಡಿದ್ರೆ ಗೊತ್ತಾಯ್ತದೆ. ನಡಿಗೇಲೇ ಏಳ್ತೀನಿ" ಎಂದಳು.

ಘಟ್ಟದಲ್ಲಿ ಕ್ಯಾಮೆರಾ ಇಲ್ಲಮ್ಮ ಎಂದೆ. ಯಾಕಿಲ್ಲ ಎಂದು ಕೇಳಿದಳು. ಆದ್ಯತೆ ಪ್ರಕಾರ ಎಂದೇನೋ ತೊದಲಿದೆ. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಸರ್ಕಲ್ಲಿನ ಕ್ಯಾಮೆರಾ ಒಂದಿತ್ತು, ಅದನ್ನು ಹಾಕಿದೆ. ಆ ವಾರ ಸರ್ಕಲ್ಲಿನಲ್ಲಿ ಯಾರದೋ ಹುಟ್ಟುಹಬ್ಬದ ಶುಭಾಶಯದ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಕ್ಯಾಮೆರಾದ ಮೂಗಿನ ಮುಂದೆಯೇ ಕಟ್ಟಿದ್ದರು. ಪರದೆಯ ತುಂಬ ಫ್ಲೆಕ್ಸಿನ ಬಿಳಿಯ ಬೆನ್ನು. ಗಾಳಿ ಬಂದಾಗ ಅದು ಉಬ್ಬುತ್ತಿತ್ತು, ಅಂಚಿನಲ್ಲಿ ಒಂದು ಗೇಣು ರಸ್ತೆ ಕಂಡು ಮತ್ತೆ ಮುಚ್ಚುತ್ತಿತ್ತು. ಬೇಡಮ್ಮ, ಏನೂ ಕಾಣಲ್ಲ ಎಂದೆ. ಅವಳು ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು, ಆ ಬಿಳಿ ಬಟ್ಟೆಯನ್ನು ಒಂದು ಗಂಟೆ, ಕಣ್ಣು ಮಿಟುಕಿಸದೆ ನೋಡಿದಳು. ಒಂದು ಸಲ ಗಾಳಿಗೆ ಅಂಚು ಎದ್ದಾಗ ಯಾರದೋ ಬರಿಗಾಲು ದಾಟಿದ ಹಾಗಾಯಿತು. "ನಿಲ್ಸಿ ಸಾ" ಎಂದಳು. ನಿಲ್ಲಿಸಿದೆ, ಹಿಂದೆ ಹೋದೆ, ಮತ್ತೆ ಹಾಕಿದೆ. ಕಾಲು ಹೌದೋ, ನೆರಳೋ, ನನಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ.

ಎದ್ದು ಸೆರಗು ಕೊಡವಿಕೊಂಡು ನನ್ನ ಮುಖ ನೋಡಿದಳು. "ಅವತ್ತು ತಾಳಿ ಒಳೆಗೆ ಬಿತ್ತು ಅಂತ ಬರ್ದಿದ್ರಿ. ಇವತ್ತು ಗಂಡನೂ ಒಳೆಗೆ ಬಿದ್ದ ಅಂತ ಬರೀತೀರಾ ಸಾ?"

ಆಗ ನೆನಪಾಯಿತು. ದಾರದ ತುದಿ ನೆನಪಾಯಿತು. ಅತ್ತೆಯ ಮಾತು, ಹಿರಿಯರ ಮಾತು, ವರ್ಷ ವರ್ಷದ ಪೂಜೆ, ಎಲ್ಲವನ್ನೂ ಅವಳು ಅಲ್ಲೇ ನಿಂತು ಹೇಳಿದಳು, ಬೈಯದೆ ಹೇಳಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಬರೆದ ಒಂದು ಸುಳ್ಳು ಅವನನ್ನು ಆ ಮೆಟ್ಟಿಲಿಗೆ ಕಳಿಸಿತ್ತು. ಅಂಥವೇ ನೂರು ಸುಳ್ಳು ಸೇರಿ ಆ ಮೆಟ್ಟಿಲಿಗೆ ಕ್ಯಾಮೆರಾ ಬರದ ಹಾಗೆ ಮಾಡಿದ್ದವು. ಮನುಷ್ಯ ಕಾಣೆ ಎಂದು ಕೇಸು ದಾಖಲಿಸಿದೆ. ಕೆಲವು ತಿಂಗಳ ಮೇಲೆ, ನೀರಿನಲ್ಲಿ ಮುಳುಗಿರಬಹುದು ಎಂದು ಮೇಲಿನವರು ಷರಾ ಬರೆದು ಕಡತವನ್ನು ಬದಿಗಿಟ್ಟರು.

ಅವಳು ಪ್ರತಿ ಅಮಾವಾಸ್ಯೆಯ ಮಾರನೆ ದಿನ ಬರುತ್ತಿದ್ದಳು. ಏನಾದ್ರೂ ಗೊತ್ತಾಯ್ತಾ ಎಂದು ಕೇಳಿ ಹೋಗುತ್ತಿದ್ದಳು. ಹೆಣವಿಲ್ಲದೆ ಮರಣಪತ್ರ ಇಲ್ಲ, ಕಾನೂನಿನ ಪ್ರಕಾರ ಏಳು ವರ್ಷ ಕಾಯಬೇಕು. ಬಳೆ ಒಡೆಯುವ ಹಾಗಿಲ್ಲ, ಇಟ್ಟುಕೊಂಡರೆ ಊರು ಆಡಿಕೊಳ್ಳುತ್ತದೆ. ಒಂದು ಸಲ ಬಂದಾಗ ಬೇರೆ ಮಾತು ತೆಗೆದಳು.

"ಸಾ, ಅವ್ರನ್ನ ಉಡುಕಾಕಾಗ್ನಿಲ್ಲ, ಓಗ್ಲಿ. ತಾಳಿ ಕಳ್ತನ ಆಯ್ತು ಅಂತ ಒಂದ್ ಕಾಗ್ದ ಬರ್ಕೊಡಿ. ಸೀಲಾಕಿ. ನಮ್ಮತ್ತೆ ಮುಂದೆ ಓದ್ಸ್ತೀನಿ. ಗಂಡನ್ನ ಒಳೆಗೆ ಕೊಟ್ಟೋಳು ಅಂತ ಬೀದೀಲಿ ನಿಂತು ಕೂಗ್ತಾಳೆ ಸಾ. ನನ್ ಮಗ್ಳು ಕೇಳಿಸ್ಕೊತಾ ಕೂತಿರ್ತಾಳೆ."

ಅವಳು ಕೇಳಿದ್ದು ಒಂದು ಹಾಳೆ. ಆದರೆ ಸೀಲು ಹಾಕಿ ಹಾಗೆ ಬರೆದರೆ ಹಳೆಯ ಅರ್ಜಿ ಸುಳ್ಳು ಎಂದಾಗುತ್ತದೆ. ಒಂದು ಸುಳ್ಳಾದರೆ ಉಳಿದವೂ ಬಿಚ್ಚಿಕೊಳ್ಳುತ್ತವೆ. ಇಲಾಖಾ ವಿಚಾರಣೆ, ಸಸ್ಪೆನ್ಷನ್. ನನ್ನ ನಿವೃತ್ತಿಗೆ ಎಂಟು ತಿಂಗಳಿತ್ತು. ಬರೆಯಲು ಪೆನ್ನು ತೆಗೆದೆ, ಸುಳ್ಳು ಹೇಳುವುದಿಲ್ಲ, ತೆಗೆದೆ. ಆಮೇಲೆ ಕ್ಯಾಪು ಹಾಕಿ, "ಹಾಗೆಲ್ಲ ಬರೆಯೋಕೆ ಬರಲ್ಲಮ್ಮ, ರೂಲ್ಸ್ ಇಲ್ಲ" ಎಂದೆ. ಅವಳು ಹೂಂ ಎಂದು ಹೋದಳು. ಆಮೇಲೆ ಬರಲಿಲ್ಲ.

ಎಂಟು ತಿಂಗಳು ಕಳೆಯಿತು. ಹಾರ ಹಾಕಿದರು, ಶಾಲು ಹೊದಿಸಿದರು, ಕಪ್ಪುಚುಕ್ಕೆ ಇಲ್ಲದ ಸೇವೆ ಎಂದು ಹೊಗಳಿದರು. ಎಲ್ಲಿ ಚುಕ್ಕೆ ಇದೆ ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ. ಈಗ ಪಿಂಚಣಿ ಬರುತ್ತದೆ, ಅನ್ನ ತಿನ್ನುತ್ತೇನೆ. ತಟ್ಟೆಯ ಮುಂದೆ ಕೂತಾಗ ಎಷ್ಟೋ ಸಲ ಆ ಬಿಳಿ ಬಟ್ಟೆ ಕಣ್ಣಿಗೆ ಕಟ್ಟುತ್ತದೆ.

ಹುಡುಗಿಗೆ ಬರೆದುಕೊಡುತ್ತೇನೆ ಎಂದೆನಲ್ಲ, ಬರೆಯಲು ಕೂತಾಗ ನಾಚಿಕೆಯಾಯಿತು. ಬರೆಯಬೇಕಾದವರಿಗೆ ಬರೆಯದೆ ಇವಳಿಗೆ ಏನು ಉಪದೇಶ? ಮೊದಲು ಇನ್ನೊಂದು ಹಾಳೆ ತೆಗೆದುಕೊಂಡೆ. ಇಂಥ ದಿನ ಚಿಕ್ಕತಾಯಮ್ಮನವರ ತಾಳಿಯನ್ನು ಯಾರೋ ಕದ್ದಿದ್ದರು, ಅದು ಹೊಳೆಗೆ ಬಿದ್ದಿರಲಿಲ್ಲ, ಹಾಗೆ ಸುಳ್ಳು ಬರೆದವನು ನಾನು ಎಂದು ಬರೆದು, ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ಸೀಲು ಇರಲಿಲ್ಲ. ಬಸ್ಸು ಹತ್ತಿ ಹೆಡತಲೆಗೆ ಹೋದೆ.

ಅವಳು ಮನೆ ಮುಂದೆ ಮೊರದಲ್ಲಿ ಅವರೆಕಾಳು ಕೇರುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಕೂರಿ ಸಾ ಎಂದು ಚಾಪೆ ಹಾಕಿದಳು. ಅತ್ತೆ ಎಲ್ಲಿ ಎಂದು ಕೇಳಿದೆ. "ಓದ ವರ್ಸ ತೀರ್ಕೊಂಡ್ರು. ಸಾಯೋಗಂಟ ಅದೇ ಮಾತು" ಎಂದಳು. ಯಾರ ಮುಂದೆ ಓದಿಸಬೇಕೋ ಅವಳೇ ಇಲ್ಲ. ಆದರೂ ಹಾಳೆ ತೆಗೆದು, ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದೆ. ಕಾಲಿಗೆ ಬೀಳೋಣ ಅನಿಸಿತು, ಬೀಳಲಿಲ್ಲ.

ಅವಳು ಮೊರ ಕೆಳಗಿಟ್ಟು ಕೇಳಿಸಿಕೊಂಡಳು.

"ಇದು ನಾನೇ ನಿಮ್ಗೆ ಏಳಿದ್ದಲ್ವಾ ಸಾ. ಅವತ್ತೇ ಏಳಿದ್ನಲ್ಲ, ಕಳ್ತನ ಆಯ್ತು ಅಂತ. ನಂಗೊತ್ತಿರೋದ್ನ ನಂಗೇ ಓದ್ತಾ ಇದ್ದೀರಿ."

ನಾನು ಕನ್ನಡಕ ತೆಗೆದು ಜೇಬಿಗಿಟ್ಟೆ.

"ನಂಗೊತ್ತಿಲ್ದೇ ಇರೋದು ಒಂದೇ. ಅವ್ರು ಎಲ್ಲೋದ್ರು? ಅದ್ನ ಬರ್ದಿದ್ರೆ ಓದಿ, ಕೇಳ್ತೀನಿ" ಎಂದಳು.

ಹಾಳೆಯ ಹಿಂಬದಿ ತಿರುಗಿಸಿದೆ, ಯಾಕೆ ತಿರುಗಿಸಿದೆನೋ ಗೊತ್ತಿಲ್ಲ, ಅಲ್ಲಿ ಏನೂ ಇರಲಿಲ್ಲ. ಅವಳು ಎದ್ದು ಒಳಗೆ ಹೋಗಿ ಒಂದು ಚೊಂಬು ನೀರು ತಂದಿಟ್ಟಳು. ಬಿಸಿಲಲ್ಲಿ ಬಂದಿದ್ದೀರಿ, ಕುಡೀರಿ ಎಂದಳು. ಕುಡಿದೆ. ಅವಳು ಮತ್ತೆ ಮೊರ ಎತ್ತಿಕೊಂಡಳು, ನಾನು ಬಸ್ಸಿಗೆ ಹೊರಟೆ.